ಎಲಿಜಬೆತ್ ಕಾಲದ ಜನರ ಬಗ್ಗೆ ಕಟ್ಟುಕಥೆ ಏಕೆ, ದಾಖಲೆಗಳೇ ಇರುವಾಗ?

ಮಾನ್ಯ ಸಂಪಾದಕರೇ,

ಒಂದನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷರ ದಿನನಿತ್ಯದ ಬದುಕನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಬಂದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಆ ಕಾಲದವರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಾತ್ರ ಸ್ನಾನ ಮಾಡುತ್ತಿದ್ದರು, ಮೈ ತಕ್ಕಮಟ್ಟಿಗೆ ಶುಚಿಯಾಗಿರುವಾಗಲೇ ಆಗಿಹೋಗಲೆಂದು ಮದುವೆಗಳನ್ನು ಜೂನ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು, ವಧುವಿನ ಕೈಯ ಹೂಗುಚ್ಛ ಮೈಯ ನಾತ ಮುಚ್ಚುವುದಕ್ಕಾಗಿ ಹುಟ್ಟಿಕೊಂಡಿತು, ಹೆಣ್ಣುಮಕ್ಕಳಿಗೆ ಹನ್ನೆರಡು ಹದಿಮೂರಕ್ಕೇ ಮದುವೆಯಾಗುತ್ತಿತ್ತು, ಕೊಳೆತ ಮಾಂಸದ ರುಚಿ ಅಡಗಿಸಲು ಮೆಣಸು ಸುರಿಯುತ್ತಿದ್ದರು, ಮಳೆ ಬಂದಾಗ ಹುಲ್ಲಿನ ಮಾಡಿನಿಂದ ನಾಯಿ ಬೆಕ್ಕುಗಳು ಜಾರಿ ಬೀಳುತ್ತಿದ್ದವು, ಹೂತವರು ಎಚ್ಚೆತ್ತರೆ ತಿಳಿಯಲೆಂದು ಹೆಣದ ಕೈಗೆ ದಾರ ಕಟ್ಟಿ ಮೇಲೆ ಗಂಟೆ ತೂಗುಹಾಕುತ್ತಿದ್ದರು ಎಂದೆಲ್ಲ ಆ ಬರಹ ಹೇಳುತ್ತದೆ. ಇವುಗಳಲ್ಲಿ ಒಂದೂ ನಿಲ್ಲುವ ಮಾತಲ್ಲ.

ಬರೆದವರು ಇದನ್ನು ತಾವೇ ಕಲ್ಪಿಸಿದರೆಂದು ನಾನು ಹೇಳುತ್ತಿಲ್ಲ. 1999ರಲ್ಲಿ ಇಂಗ್ಲಿಷಿನಲ್ಲಿ ಇ-ಮೇಲ್ ಮೂಲಕ ಜಗತ್ತೆಲ್ಲ ಸುತ್ತಿದ ಒಂದು ಅನಾಮಧೇಯ ಬರಹದಲ್ಲಿ ಇವುಗಳಲ್ಲಿ ಬಹುಪಾಲು ಕಥೆಗಳು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಇದ್ದವು. ಅದೇ ಈಗ ಕನ್ನಡಕ್ಕೆ ಬಂದು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ ಕೊನೆಗೆ ಅಚ್ಚಿಗೂ ಏರಿದೆ. ಅಚ್ಚಾದದ್ದನ್ನು ನಂಬುವುದು ನಮ್ಮ ಓದುಗರ ರೂಢಿ, ಅದರಲ್ಲೂ ವಿದ್ಯಾರ್ಥಿಗಳದ್ದು. ಮೂವತ್ತೊಂದು ವರ್ಷ ಪದವಿ ತರಗತಿಗಳಿಗೆ ಷೇಕ್ಸ್‌ಪಿಯರ್ ಪಾಠ ಮಾಡಿದ ನನಗೆ ಈ ಅಪಾಯ ಚೆನ್ನಾಗಿ ಗೊತ್ತು. ಮೊದಮೊದಲು ನಾನೇ, 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲವೆಂದೂ ಆಗಿನ ಇಂಗ್ಲೆಂಡಿನಲ್ಲಿ ಹುಡುಗಿಯರ ಮದುವೆಯ ವಯಸ್ಸೇ ಅದೆಂದೂ ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ಅದು ತಪ್ಪೆಂದು ತಿಳಿಯುವ ಹೊತ್ತಿಗೆ ಆ ಪಾಠ ಕೇಳಿದ ನಾಲ್ಕಾರು ತಂಡಗಳು ಕಾಲೇಜು ಬಿಟ್ಟು ಹೋಗಿದ್ದವು. ಅವರಲ್ಲಿ ಕೆಲವರು ಇಂದು ಸ್ವತಃ ಅಧ್ಯಾಪಕರು. ಆ ತಪ್ಪಿನ ಬಗ್ಗೆ ನನಗೆ ಇಂದಿಗೂ ವಿಷಾದವಿದೆ, ಹೀಗಾಗಿ ಮದುವೆಯ ವಿಷಯದಿಂದಲೇ ಆರಂಭಿಸುತ್ತೇನೆ.

ಎಲಿಜಬೆತ್ ಆಳಿದ್ದು 1558ರ ನವೆಂಬರಿನಿಂದ 1603ರ ಮಾರ್ಚಿನವರೆಗೆ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1538ರಲ್ಲಿ, ಪ್ರತಿಯೊಂದು ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ) ಚರ್ಚಿನಲ್ಲಿಯೂ ಆದ ನಾಮಕರಣ, ಮದುವೆ, ಸಾವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅವಳ ತಂದೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದ. ಕಾಗದದ ಹಾಳೆಗಳು ಬಾಳುವುದಿಲ್ಲವೆಂದು 1598ರಲ್ಲಿ ಅವನ್ನೆಲ್ಲ ಚರ್ಮಪತ್ರಕ್ಕೆ ನಕಲು ಮಾಡುವಂತೆಯೂ, ಮುಖ್ಯವಾಗಿ ರಾಣಿ ಪಟ್ಟಕ್ಕೆ ಬಂದ ವರ್ಷದಿಂದೀಚಿನದನ್ನು ಉಳಿಸಿಕೊಳ್ಳುವಂತೆಯೂ ಇನ್ನೊಂದು ಆದೇಶವಾಯಿತು. ಹೀಗೆ ಉಳಿದ ಪುಸ್ತಕಗಳಲ್ಲಿ 404 ಪ್ಯಾರಿಷ್‌ಗಳ ಲೆಕ್ಕವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಊರೂರಿನ ಹವ್ಯಾಸಿ ಇತಿಹಾಸಾಸಕ್ತರು ಸಾಲುಸಾಲಾಗಿ ಎಣಿಸಿಕೊಟ್ಟರು. ಕೇಂಬ್ರಿಜ್‌ನ ಜನಸಂಖ್ಯಾ ಇತಿಹಾಸಕಾರರು ಅದನ್ನು ಆಧಾರವಾಗಿಟ್ಟುಕೊಂಡರು. ಕೆಲವು ಪ್ಯಾರಿಷ್‌ಗಳಲ್ಲಿ ಒಬ್ಬ ಹುಡುಗಿಯ ನಾಮಕರಣದ ದಿನ, ಅವಳ ಮದುವೆಯ ದಿನ, ಅವಳ ಮಕ್ಕಳ ನಾಮಕರಣದ ದಿನ ಇವುಗಳನ್ನು ಜೋಡಿಸಿ ಇಡೀ ಕುಟುಂಬಗಳನ್ನೇ ಮತ್ತೆ ಕಟ್ಟಿ ನಿಲ್ಲಿಸಿದರು. ಈ ಶ್ರಮದಿಂದ ಹೊರಬಂದ ಸಂಗತಿ ಇದು: ಸಾಮಾನ್ಯ ಜನರಲ್ಲಿ ಮೊದಲ ಮದುವೆಯ ಹೊತ್ತಿಗೆ ಹೆಣ್ಣಿನ ಸರಾಸರಿ ವಯಸ್ಸು ಸುಮಾರು 25ರಿಂದ 26, ಗಂಡಿನದ್ದು 27ರಿಂದ 28. ಚರ್ಚಿನ ಕಾನೂನು ಹುಡುಗಿಗೆ 12, ಹುಡುಗನಿಗೆ 14 ತುಂಬಿದರೆ ಮದುವೆಯನ್ನು ಒಪ್ಪುತ್ತಿತ್ತೆಂಬುದು ನಿಜ. ಆಸ್ತಿಯ ಸಂಬಂಧ ಕುದುರಿಸುವ ದೊಡ್ಡ ಮನೆತನಗಳು ಕೆಲವೊಮ್ಮೆ ಅದನ್ನು ಬಳಸಿಕೊಂಡದ್ದೂ ನಿಜ. ಆದರೆ ಕಾನೂನು ಬಿಟ್ಟ ಬಾಗಿಲಲ್ಲಿ ಊರೆಲ್ಲ ನುಗ್ಗಿತೆಂದು ತಿಳಿಯುವುದು ಸರಿಯಲ್ಲ.

ಇಷ್ಟು ತಡವೇಕೆ ಎಂಬುದಕ್ಕೆ ಕಾರಣ ಆ ಸಮಾಜದ ಕಟ್ಟಿನಲ್ಲೇ ಇದೆ. ಅಲ್ಲಿ ಮದುವೆಯಾದ ಜೋಡಿ ಅಪ್ಪನ ಮನೆಯಲ್ಲಿ ಒಂದು ಕೋಣೆ ಹಿಡಿದು ಉಳಿಯುತ್ತಿರಲಿಲ್ಲ. ತಮ್ಮದೇ ಒಲೆ, ತಮ್ಮದೇ ಹಾಸಿಗೆ, ತಮ್ಮದೇ ಪಾತ್ರೆ ಪಡಗಗಳೊಂದಿಗೆ ಬೇರೆ ಮನೆ ಹೂಡಬೇಕಾಗಿತ್ತು. ಅದಕ್ಕೆ ಬೇಕಾದ ಹಣವನ್ನು ಗಂಡೂ ಹೆಣ್ಣೂ ಇಬ್ಬರೂ ದುಡಿದು ಕೂಡಿಹಾಕಬೇಕಾಗಿತ್ತು. ಹದಿಹರೆಯದಿಂದ ಇಪ್ಪತ್ತರ ನಡುವಿನವರೆಗೆ ಹಳ್ಳಿಯ ಬಹುಪಾಲು ಹುಡುಗ ಹುಡುಗಿಯರು ಬೇರೊಬ್ಬ ರೈತನ ಮನೆಯಲ್ಲಿ ವರ್ಷದ ಸಂಬಳಕ್ಕೆ ಆಳಾಗಿ ಇರುತ್ತಿದ್ದರು. ಊಟ ವಸತಿ ಅಲ್ಲಿಯೇ. ವರ್ಷ ಮುಗಿದರೆ ಇನ್ನೊಂದು ಮನೆ. ಪಟ್ಟಣಗಳ ಕಸುಬುಗಳಿಗೆ 1563ರ ಶಾಸನ ಕನಿಷ್ಠ ಏಳು ವರ್ಷದ ಕಲಿಕೆಯನ್ನು ಕಡ್ಡಾಯ ಮಾಡಿತಲ್ಲದೆ, ಹುಡುಗನಿಗೆ 24 ತುಂಬುವ ಮೊದಲು ಅದು ಮುಗಿಯಕೂಡದೆಂದೂ ವಿಧಿಸಿತು. ಕಲಿಕೆಯಲ್ಲಿರುವವನು ಮದುವೆಯಾಗುವಂತಿರಲಿಲ್ಲ. ಹಸು ಕರೆಯುತ್ತ, ಬೆಣ್ಣೆ ಕಡೆಯುತ್ತ, ಪರರ ಮಕ್ಕಳನ್ನು ನೋಡಿಕೊಳ್ಳುತ್ತ ಹತ್ತು ವರ್ಷ ಉಳಿಸಿದ ದುಡ್ಡಿನಲ್ಲಿ ಒಂದು ಹಿತ್ತಾಳೆಯ ಹಂಡೆಯನ್ನೂ ಒಂದು ಜೊತೆ ಹಾಸಿಗೆ ಹೊದಿಕೆಯನ್ನೂ ಕೊಂಡು ಮದುವೆಗೆ ನಿಂತ ಹೆಣ್ಣನ್ನು ನಾವು ಹದಿಮೂರರ ಮಗುವೆಂದು ಬಣ್ಣಿಸುವುದು ಅವಳ ದುಡಿಮೆಗೆ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ.

ಜೂಲಿಯೆಟ್‌ಳ ವಯಸ್ಸನ್ನೇ ನೋಡಿ. ಷೇಕ್ಸ್‌ಪಿಯರ್ ಆ ಕಥೆಯನ್ನು ಆರ್ಥರ್ ಬ್ರೂಕ್ ಎಂಬವನ 1562ರ ದೀರ್ಘ ಕವನದಿಂದ ಎತ್ತಿಕೊಂಡ. ಅಲ್ಲಿ ಅವಳು ಹದಿನಾರರ ಅಂಚಿನಲ್ಲಿರುವ ಹುಡುಗಿ. ನಾಟಕಕಾರ ಬೇಕೆಂದೇ ಆ ವಯಸ್ಸನ್ನು ಇಳಿಸಿದ, ನಡೆಯುವುದು ವೆರೋನಾದಲ್ಲಿ, ಶ್ರೀಮಂತರ ಮನೆಯಲ್ಲಿ. ಮದುವೆಯ ಪ್ರಸ್ತಾಪ ಬಂದಾಗ ಹುಡುಗಿಯ ತಂದೆಯೇ ಇನ್ನೆರಡು ಬೇಸಿಗೆ ಕಳೆಯಲಿ ಎನ್ನುತ್ತಾನೆ. ಇಷ್ಟು ಬೇಗ ತಾಯಿಯಾದವರು ಬೇಗನೇ ನಲುಗುತ್ತಾರೆ ಎಂಬರ್ಥದ ಮಾತನ್ನೂ ಆಡುತ್ತಾನೆ. ಲಂಡನ್ನಿನ ಪ್ರೇಕ್ಷಕರಿಗೆ ಆ ವಯಸ್ಸು ಕೇಳಿ ಎದೆ ಝಲ್ಲೆನ್ನಬೇಕೆಂಬುದೇ ಉದ್ದೇಶವಾಗಿತ್ತು. ಅದನ್ನು ವಾಡಿಕೆಯೆಂದು ಪಾಠ ಮಾಡಿದರೆ ನಾಟಕದ ಮರ್ಮವೇ ಕೈತಪ್ಪುತ್ತದೆ. ಷೇಕ್ಸ್‌ಪಿಯರನ ಸ್ವಂತ ಮದುವೆಯಲ್ಲಿ ಅವನಿಗೆ 18, ಆನ್ ಹ್ಯಾಥವೇಗೆ 26. ಅಲ್ಲಿ ರೂಢಿಗೆ ಹೊರತಾಗಿದ್ದುದು ಅವನ ವಯಸ್ಸೇ ಹೊರತು ಅವಳದ್ದಲ್ಲ. ಅವರ ಹಿರಿಯ ಮಗಳು ಸುಸಾನಾ ಮದುವೆಯಾದದ್ದು 24ಕ್ಕೆ, ಕಿರಿಯ ಮಗಳು ಜೂಡಿತ್ 31ಕ್ಕೆ.

ಜೂನ್ ಮದುವೆಯ ಮಾತೂ ಇದೇ ಮದುವೆಯ ದಾಖಲೆಯ ಮುಂದೆ ಬಿದ್ದುಹೋಗುತ್ತದೆ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದಲ್ಲಿಯೂ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿಯೂ, ನಮ್ಮಲ್ಲಿ ಆಷಾಢದಲ್ಲಿ ಇಲ್ಲದ ಹಾಗೆ, ಮದುವೆಗಳು ಇರುತ್ತಿರಲಿಲ್ಲ. ಮೂರು ಭಾನುವಾರ ಚರ್ಚಿನಲ್ಲಿ ಇಂಥವರು ಇಂಥವರನ್ನು ವರಿಸಲಿದ್ದಾರೆ, ತಕರಾರಿದ್ದವರು ಹೇಳಿ ಎಂದು ಕೂಗಿ ಹೇಳಬೇಕಿತ್ತು. ಅಷ್ಟು ಕಾಲಾವಕಾಶ ಇಲ್ಲದವರು ಬಿಷಪ್ಪನ ಕಚೇರಿಯಿಂದ ಪರವಾನಗಿ ಪಡೆಯಬೇಕಿತ್ತು. ಒಂದೇ ಸಲದ ಪ್ರಕಟಣೆಯಿಂದ ಷೇಕ್ಸ್‌ಪಿಯರನ ಮದುವೆ ನಡೆಯಲೆಂದು ಇಬ್ಬರು ರೈತರು 1582ರ ನವೆಂಬರ್ 28ರಂದು 40 ಪೌಂಡುಗಳ ಮುಚ್ಚಳಿಕೆ ಬರೆದುಕೊಟ್ಟ ಪತ್ರ ಇಂದಿಗೂ ಇದೆ. ಆಗಮನ ಕಾಲ ಬಾಗಿಲಿಗೆ ಬಂದಿತ್ತು, ಸುಸಾನಾ ಆಗಲೇ ತಾಯಿಯ ಹೊಟ್ಟೆಯಲ್ಲಿದ್ದಳು, ಮುಂದಿನ ಮೇ 26ರಂದು ಅವಳ ನಾಮಕರಣವಾಯಿತು. ಆ ಕಾಲದಲ್ಲಿ ಐವರಲ್ಲಿ ಒಬ್ಬ ವಧುವಾದರೂ ಹೀಗೆ ಗರ್ಭಿಣಿಯಾಗಿಯೇ ಚರ್ಚಿಗೆ ಬರುತ್ತಿದ್ದಳು. ಸಾಕ್ಷಿಗಳ ಮುಂದೆ ಕೈಹಿಡಿದು 'ನಿನ್ನನ್ನು ಈಗ ಪತ್ನಿಯಾಗಿ ಸ್ವೀಕರಿಸಿದ್ದೇನೆ' ಎಂದು ವರ್ತಮಾನ ಕಾಲದ ಕ್ರಿಯಾಪದದಲ್ಲಿ ಮಾತು ಕೊಟ್ಟರೆ ಅದೇ ಕಟ್ಟುಪಾಡಾಗುತ್ತಿತ್ತು, ಭವಿಷ್ಯತ್ ಕಾಲದಲ್ಲಿ ಹೇಳಿದರೆ ಅದು ಬರಿಯ ನಿಶ್ಚಿತಾರ್ಥ. ಒಂದು ಕ್ರಿಯಾಪದದ ಕಾಲ ಯಾವುದೆಂದು ಚರ್ಚಿನ ನ್ಯಾಯಾಲಯಗಳಲ್ಲಿ ವಾದಗಳು ನಡೆಯುತ್ತಿದ್ದವು. ಇನ್ನು ತಿಂಗಳುಗಳ ಲೆಕ್ಕ: ಧಾನ್ಯ ಬೆಳೆಯುವ ಸೀಮೆಗಳಲ್ಲಿ ಮದುವೆಗಳು ಸುಗ್ಗಿ ಮುಗಿದು ಕೈಯಲ್ಲಿ ಕೂಲಿ ಬಂದ ಅಕ್ಟೋಬರ್, ನವೆಂಬರ್‌ಗಳಲ್ಲಿ ಹೆಚ್ಚು, ಕುರಿ ದನ ಸಾಕುವ ಸೀಮೆಗಳಲ್ಲಿ ಮರಿ ಹಾಕುವ ಕಾಲ ಮುಗಿದ ಮೇಲೆ, ವಸಂತದ ಕೊನೆ ಮತ್ತು ಬೇಸಿಗೆಯ ಮೊದಲಲ್ಲಿ ಹೆಚ್ಚು. ಮದುವೆಯ ತಿಂಗಳನ್ನು ಹೊಲವೂ ಹಟ್ಟಿಯೂ ಚರ್ಚೂ ನಿಶ್ಚಯಿಸುತ್ತಿದ್ದವು. ಸ್ನಾನಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಸ್ನಾನದ ವಿಷಯಕ್ಕೆ ಬರುತ್ತೇನೆ. ಮೈಯನ್ನೆಲ್ಲ ಬಿಸಿನೀರಿನಲ್ಲಿ ಅದ್ದಿ ತೊಳೆಯುವುದು ಅಲ್ಲಿ ಅಪರೂಪವಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿನೀರು ಚರ್ಮದ ರಂಧ್ರಗಳನ್ನು ತೆರೆದು ಪ್ಲೇಗಿನ ವಿಷಗಾಳಿಯನ್ನು ಒಳಗೆ ಬಿಡುತ್ತದೆಂದು ವೈದ್ಯರೇ ಹೆದರಿಸುತ್ತಿದ್ದರು. ಲಂಡನ್ನಿನ ಥೇಮ್ಸ್ ನದಿಯಾಚೆಯ ಸಾರ್ವಜನಿಕ ಬಿಸಿನೀರಿನ ಮನೆಗಳು ವೇಶ್ಯಾಗೃಹಗಳೂ ಆಗಿದ್ದುದರಿಂದ ಎಂಟನೆಯ ಹೆನ್ರಿ 1546ರಲ್ಲಿ ಅವನ್ನು ಮುಚ್ಚಿಸಿದ್ದ. ಸೌದೆ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತ, ಲಂಡನ್ ನಗರ ನ್ಯೂಕ್ಯಾಸಲ್‌ನಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲಿಗೆ ಹೊರಳುತ್ತಿದ್ದ ಕಾಲ ಅದು. ಹಂಡೆ ತುಂಬ ನೀರು ಕಾಯಿಸುವುದು ಬಡವರಿಗೆ ಆಗುವ ಮಾತಾಗಿರಲಿಲ್ಲ. ಆದರೆ ಇದರಿಂದ ಅವರು ಕೊಳಕಿನಲ್ಲಿ ಸುಖವಾಗಿದ್ದರೆಂದು ತೀರ್ಮಾನಿಸಬಾರದು. ಬೆಳಿಗ್ಗೆ ಎದ್ದು ಮುಖ ಕೈ ತೊಳೆಯುವುದು, ತಲೆ ಬಾಚುವುದು, ಊಟಕ್ಕೆ ಕೂರುವ ಮೊದಲು ಕೈ ತೊಳೆಯುವುದು ಚಿಕ್ಕಂದಿನಿಂದ ಕಲಿಸುವ ನಡವಳಿಕೆಯಾಗಿತ್ತು. ಊಟದ ಮೇಜಿನಲ್ಲಿ ಫೋರ್ಕ್ ಇಲ್ಲದೆ ಚಾಕು, ಚಮಚ ಮತ್ತು ಬೆರಳುಗಳಿಂದ ಉಣ್ಣುವವರಿಗೆ ಕೈಯ ಶುಚಿ ಎಷ್ಟು ಮುಖ್ಯವೆಂಬುದನ್ನು ಕೈಯಲ್ಲಿ ಉಣ್ಣುವ ನಮಗೆ ವಿವರಿಸಬೇಕಾಗಿಲ್ಲ. ಮೈಯ ಶುಚಿಯ ಹೊಣೆಯನ್ನು ಅವರು ಒಳಗೆ ತೊಡುವ ನಾರುಬಟ್ಟೆಗೆ ವಹಿಸಿದ್ದರು. ಬೆವರನ್ನೂ ಜಿಡ್ಡನ್ನೂ ಹೀರುವ ಲಿನನ್ ಅಂಗಿಯನ್ನು ಬದಲಿಸುತ್ತ, ಅದನ್ನು ಮರದ ಬೂದಿಯ ಚೌಳುನೀರಿನಲ್ಲಿ ನೆನೆಸಿ, ಕುಕ್ಕಿ ಒಗೆದು, ಬೇಲಿಯ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಬೂದಿನೀರಿನಲ್ಲಿ ಬಟ್ಟೆ ಬೆಳ್ಳಗಾಗುವುದನ್ನು ನಮ್ಮ ಅಜ್ಜಿಯರ ಕಾಲದವರೂ ಬಲ್ಲರು. ಬೀದಿಯ ಕೊಳೆಯನ್ನೂ ಊರು ಸುಮ್ಮನೆ ಸಹಿಸುತ್ತಿರಲಿಲ್ಲ. ಷೇಕ್ಸ್‌ಪಿಯರನ ತಂದೆ ಜಾನ್‌ನ ಹೆಸರು ಅವರ ಊರಾದ ಸ್ಟ್ರ್ಯಾಟ್‌ಫರ್ಡ್‌ನ ದಾಖಲೆಯಲ್ಲಿ ಮೊದಲು ಕಾಣಿಸುವುದೇ 1552ರ ಏಪ್ರಿಲ್‌ನಲ್ಲಿ, ಹೆನ್ಲಿ ಬೀದಿಯಲ್ಲಿ ಅನುಮತಿಯಿಲ್ಲದೆ ತಿಪ್ಪೆ ಹಾಕಿದ್ದಕ್ಕೆ ಒಂದು ಷಿಲಿಂಗ್ ದಂಡ ತೆತ್ತವನಾಗಿ. ತಿಪ್ಪೆಗೆ ದಂಡ ಹಾಕುವ ಊರು ಕೊಳಕಿನ ಬಗ್ಗೆ ಉದಾಸೀನವಾಗಿತ್ತೆನ್ನಲು ಬರುವುದಿಲ್ಲ.

ಮಾಡಿನ ನಾಯಿ ಬೆಕ್ಕುಗಳ ಕಥೆಗೆ ಹೆಚ್ಚು ಜಾಗ ಬೇಡ. ಬಿಗಿಯಾಗಿ ಹೊದಿಸಿದ ಹುಲ್ಲಿನ ಮಾಡಿನೊಳಗೆ ನಾಯಿ ಮಲಗುವುದಿಲ್ಲವೆಂಬುದನ್ನು ಮಲೆನಾಡಿನಲ್ಲಿ ಹುಲ್ಲುಮನೆ ಕಂಡ ಯಾರಾದರೂ ಹೇಳಬಲ್ಲರು. ಜೋರು ಮಳೆಗೆ 'ನಾಯಿ ಬೆಕ್ಕುಗಳ ಮಳೆ' (ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್) ಎನ್ನುವ ಇಂಗ್ಲಿಷ್ ನುಡಿಗಟ್ಟಿನ ಪೂರ್ವರೂಪಗಳು ಅಚ್ಚಿನಲ್ಲಿ ಸಿಗುವುದೂ 17ನೆಯ ಶತಮಾನದ ನಡುಭಾಗದಲ್ಲಿ. ಆದರೆ ಮನೆಗಳ ವಿಷಯದಲ್ಲಿ ನಿಜವಾಗಿ ಹೇಳಬೇಕಾದ ಸಂಗತಿಯೊಂದಿದೆ. ಎಸೆಕ್ಸ್‌ನ ರ‍್ಯಾಡ್ವಿಂಟರ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್ ತನ್ನ ದೇಶವನ್ನು ಕುರಿತು ಬರೆದದ್ದು 1577ರಲ್ಲಿ ಅಚ್ಚಾಯಿತು. ತಮ್ಮ ಕಣ್ಣೆದುರೇ ಮೂರು ಸಂಗತಿಗಳು ಬದಲಾದವೆಂದು ಊರಿನ ಮುದುಕರು ಹೇಳುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಮೊದಲನೆಯದು ಹೊಗೆಗೂಡು: ಮುಂಚೆ ಇಡೀ ಊರಿಗೆ ಎರಡು ಮೂರು ಇದ್ದರೆ ಹೆಚ್ಚು, ಈಗ ಎಲ್ಲೆಲ್ಲೂ ಎದ್ದಿವೆ. ಎರಡನೆಯದು ಹಾಸಿಗೆ: ಮುಂಚೆ ಹುಲ್ಲಿನ ಚಾಪೆಯ ಮೇಲೆ, ತಲೆಗೆ ಮರದ ದಿಮ್ಮಿಯಿಟ್ಟು ಮಲಗುತ್ತಿದ್ದರು, ದಿಂಬು ಬಾಣಂತಿಯರಿಗೆ ಮಾತ್ರ ತಕ್ಕದ್ದೆಂದು ಭಾವಿಸುತ್ತಿದ್ದರು. ಮೂರನೆಯದು ಪಾತ್ರೆ: ಮರದ ತಟ್ಟೆ ಹೋಗಿ ತವರಮಿಶ್ರದ ತಟ್ಟೆ, ಮರದ ಚಮಚ ಹೋಗಿ ಬೆಳ್ಳಿಯದೋ ತವರದ್ದೋ ಬಂದಿತ್ತು. ದಿಂಬಿನ ಬಗೆಗಿನ ಆ ಒಂದು ಮಾತನ್ನು ಓದುವಾಗಲೆಲ್ಲ ನನಗೆ ಆ ಮುದುಕರು ಎದುರಿಗೆ ಕೂತು ಮಾತಾಡಿದಂತಾಗುತ್ತದೆ. ಹೊಗೆ ತುಂಬಿದ ಒಂದೇ ಅಂಕಣದಿಂದ ಹೊಗೆಗೂಡು, ಮಾಳಿಗೆ, ಗಾಜಿನ ಕಿಟಕಿಗಳಿರುವ ಮನೆಗೆ ಬಂದ ತಲೆಮಾರು ಅದು. ಪರದೆ ಕಟ್ಟಿದ ಮಂಚವೂ, ಇಂಥ ಕಥೆಗಳು ಹೇಳುವಂತೆ, ಮಾಡಿನಿಂದ ಹುಳು ಬೀಳದಿರಲೆಂದು ಬಂದದ್ದಲ್ಲ, ಚಳಿಗೆ ಬೆಚ್ಚಗಿರಲೆಂದು, ಹಲವರು ಹಾದುಹೋಗುವ ಕೋಣೆಯಲ್ಲಿ ಮರೆಯಿರಲೆಂದು ಬಂದದ್ದು. ಸತ್ತವರ ಆಸ್ತಿಯ ಪಟ್ಟಿಗಳಲ್ಲಿ ಮನೆಸಾಮಾನುಗಳ ಪೈಕಿ ಹಾಸಿಗೆಯೇ ಬಹಳ ಸಲ ಎಲ್ಲಕ್ಕಿಂತ ಬೆಲೆಬಾಳುವ ವಸ್ತು.

ಕೊಳೆತ ಮಾಂಸ, ಮೆಣಸು ಎಂಬ ಮಾತು ನನ್ನನ್ನು ಹೆಚ್ಚು ನೋಯಿಸಿತು. ಅದಕ್ಕೆ ಕಾರಣ ನಾನಿರುವ ಊರು. ಮೆಣಸು ಕೊಳ್ಳಬಲ್ಲವನಿಗೆ ತಾಜಾ ಮಾಂಸ ಕೊಳ್ಳುವುದು ಕಷ್ಟವಾಗಿರಲಿಲ್ಲ. ಕೊಳೆತ ಸರಕು ಮಾರುವವನನ್ನು ಊರಿನ ಅಧಿಕಾರಿಗಳು ಶಿಕ್ಷಿಸುತ್ತಿದ್ದರು. ಆ ಮೆಣಸು ಎಲ್ಲಿಂದ ಬರುತ್ತಿತ್ತು? ಎಲಿಜಬೆತ್ ಲಂಡನ್ನಿನಲ್ಲಿ ಆಳುತ್ತಿದ್ದ ಕಾಲದಲ್ಲಿಯೇ, ನಮ್ಮ ಸಾಗರ ಪಟ್ಟಣದಿಂದ ಘಟ್ಟ ಇಳಿದರೆ ಸಿಗುವ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೆಣಸು ಶರಾವತಿಯ ದಾರಿಯಲ್ಲಿ ಕರಾವಳಿಗಿಳಿದು ಪೋರ್ಚುಗೀಸರ ಹಡಗುಗಳಲ್ಲಿ ಲಿಸ್ಬನ್ ಸೇರುತ್ತಿತ್ತು, ಪಶ್ಚಿಮ ಕರಾವಳಿಯ ಇತರ ಮೆಣಸಿನೊಡನೆ ಅಲ್ಲಿಂದ ಯೂರೋಪಿನ ಪೇಟೆಗಳಿಗೆ ಹರಡುತ್ತಿತ್ತು. ಆ ನಡುವಣ ದಲ್ಲಾಳಿಗಳನ್ನು ತಪ್ಪಿಸುವ ದಾರಿ ಹುಡುಕುತ್ತ 1583ರಲ್ಲಿ 'ಟೈಗರ್' ಎಂಬ ಹಡಗಿನಲ್ಲಿ ಹೊರಟ ಲಂಡನ್ನಿನ ವ್ಯಾಪಾರಿ ರಾಲ್ಫ್ ಫಿಚ್ ಮತ್ತು ಅವನ ಸಂಗಡಿಗರು ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕು ಗೋವೆಯ ಸೆರೆಮನೆ ಕಂಡರು. 1584ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬೆಳಗಾವಿಯ ಮೂಲಕ ಆದಿಲ್‌ಶಾಹಿಗಳ ವಿಜಯಪುರಕ್ಕೆ ಬಂದರು. ಬೆಳಗಾವಿಯ ಸಂತೆಯಲ್ಲಿ ವಜ್ರ, ಮಾಣಿಕ್ಯ, ನೀಲಗಳ ವ್ಯಾಪಾರ ಕಂಡುದನ್ನು ಫಿಚ್ ಬರೆದಿಟ್ಟಿದ್ದಾನೆ. ಅವನು 1591ರಲ್ಲಿ ಊರು ಸೇರಿದ. ಒಂಬತ್ತು ವರ್ಷಗಳ ನಂತರ, 1600ರ ಡಿಸೆಂಬರ್ 31ರಂದು, ಈಸ್ಟ್ ಇಂಡಿಯಾ ಕಂಪನಿಯ ಸನ್ನದಿಗೆ ಎಲಿಜಬೆತ್ ಒಪ್ಪಿಗೆ ಕೊಟ್ಟಳು. ಮುಂದಿನದೆಲ್ಲ ನಮ್ಮ ಇತಿಹಾಸ. ಇಷ್ಟು ದೂರದ, ಇಷ್ಟು ಬೆಲೆಯ ವಸ್ತುವನ್ನು ಕೊಳೆತ ಮಾಂಸದ ನಾತ ಮುಚ್ಚಲು ಸುರಿದರೆಂಬ ಕಥೆಯನ್ನು ಮೆಣಸು ಬೆಳೆಯುವ ನಾಡಿನ ಪತ್ರಿಕೆಯಲ್ಲಿ ಓದಬೇಕಾಗಿ ಬಂತು.

ಸಾಮಾನ್ಯನ ತಟ್ಟೆಯಲ್ಲಿ ಮೆಣಸಿಗಿಂತ ರೊಟ್ಟಿಯದೇ ದೊಡ್ಡ ಚಿಂತೆ. ಉಳ್ಳವರು ಬಿಳಿಯ ಗೋಧಿ ಬ್ರೆಡ್ ತಿಂದರೆ ಉಳಿದವರು ಗೋಧಿ ರೈ ಬೆರೆಸಿದ್ದನ್ನು, ಇಲ್ಲವೇ ಬಾರ್ಲಿಯದ್ದನ್ನು ತಿನ್ನುತ್ತಿದ್ದರು. ಕಾಳು, ಸೊಪ್ಪು, ಓಟ್ಸ್ ಹಾಕಿ ಕುದಿಸಿದ ಗಂಜಿಯಂಥದ್ದು ದಿನದ ಊಟ. 1594ರಿಂದ 1597ರವರೆಗೆ ಸಾಲಾಗಿ ನಾಲ್ಕು ಬೆಳೆ ಕೆಟ್ಟಾಗ ಬಟಾಣಿ, ಬೀನ್ಸ್‌ಗಳನ್ನೇ ಬೀಸಿ ರೊಟ್ಟಿ ಮಾಡಿದರು, ಉತ್ತರದ ಬೆಟ್ಟಸೀಮೆಗಳಲ್ಲಿ ಜನ ಹಸಿವಿನಿಂದ ಸತ್ತರು. ಆಳುವವರ ಕಾನೂನು ಊಟದ ತಟ್ಟೆಗೂ ತಲೆಯ ಟೋಪಿಗೂ ಕೈ ಹಾಕುತ್ತಿತ್ತು. ಶುಕ್ರವಾರ ಶನಿವಾರಗಳ ಜೊತೆಗೆ ಬುಧವಾರವೂ ಮಾಂಸ ಬಿಟ್ಟು ಮೀನು ತಿನ್ನಬೇಕೆಂದು 1563ರಲ್ಲಿ ಶಾಸನವಾಯಿತು. ತಪ್ಪಿದವರಿಗೆ 3 ಪೌಂಡ್ ದಂಡ ಇಲ್ಲವೇ ಮೂರು ತಿಂಗಳ ಸೆರೆ. ಕಾರಣ ಧರ್ಮವಲ್ಲ, ಮೀನುಗಾರರು ಹೆಚ್ಚಿದರೆ ಯುದ್ಧದ ಹಡಗಿಗೆ ನಾವಿಕರು ಸಿಗುತ್ತಾರೆಂಬ ಲೆಕ್ಕಾಚಾರ. ಆ ಬುಧವಾರದ ಕಟ್ಟಳೆ 1585ರಲ್ಲಿ ರದ್ದಾಯಿತು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ, ಗಣ್ಯರನ್ನೂ ಕೆಲವು ಬಗೆಯ ಸ್ತ್ರೀಯರನ್ನೂ ಬಿಟ್ಟು ಆರು ವರ್ಷ ಮೀರಿದ ಪ್ರತಿಯೊಬ್ಬರೂ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆಯ ಟೋಪಿ ಧರಿಸಬೇಕೆಂದು 1571ರಲ್ಲಿ ಇನ್ನೊಂದು ಶಾಸನ ಬಂತು. ಧರಿಸದಿದ್ದರೆ ದಿನಕ್ಕೆ 3 ಷಿಲಿಂಗ್ 4 ಪೆನ್ನಿ, ಅಂದರೆ 40 ಪೆನ್ನಿ ದಂಡ. ಲಂಡನ್ನಿನ ಕೂಲಿಯಾಳಿನ ದಿನಗೂಲಿ ಆಗ 8ರಿಂದ 10 ಪೆನ್ನಿ ಎಂಬುದನ್ನು ನೆನೆದರೆ ಆ ದಂಡದ ಭಾರ ತಿಳಿದೀತು. ಚರ್ಚಿಗೆ ಬಾರದವರಿಗೆ ವಾರಕ್ಕೆ 12 ಪೆನ್ನಿ. ಬಣ್ಣ ಬಟ್ಟೆಗಳಿಗೂ ಅಂತಸ್ತಿನ ಗೆರೆಯಿತ್ತು: ನೇರಳೆ ರೇಷ್ಮೆ, ಬಂಗಾರದ ಜರಿ ಯಾರು ಉಡಬಹುದೆಂದು 1574ರ ರಾಜಾಜ್ಞೆ ಪಟ್ಟಿ ಮಾಡಿ ಹೇಳಿತು.

ಎಲ್ಲಕ್ಕಿಂತ ಕ್ರೂರವಾದದ್ದು ಅಲೆಮಾರಿಗಳ ಮೇಲಿನ ಕಾನೂನು. ಭೂಮಿಗೆ ಬೇಲಿ ಬಿದ್ದು, ಬೆಲೆ ಏರಿ, ಜನಸಂಖ್ಯೆ ಸುಮಾರು 30 ಲಕ್ಷದಿಂದ 40 ಲಕ್ಷದತ್ತ ಬೆಳೆಯುತ್ತಿದ್ದಾಗ ಕೆಲಸ ಹುಡುಕಿ ರಸ್ತೆಗಿಳಿದವರನ್ನು 1572ರ ಶಾಸನ ಅಪರಾಧಿಗಳೆಂದಿತು. ಚಾಟಿಯಿಂದ ಬಾರಿಸಿ, ಬಲಗಿವಿಯ ಮೃದ್ವಸ್ಥಿಯನ್ನು ಒಂದಂಗುಲ ಸುತ್ತಳತೆಯ ಕಾದ ಕಬ್ಬಿಣದಿಂದ ಸುಟ್ಟು ತೂತು ಮಾಡಬೇಕೆಂದು ಅದು ವಿಧಿಸಿತು. ಅದೇ ಆಳ್ವಿಕೆ 1598 ಮತ್ತು 1601ರಲ್ಲಿ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತೆರಿಗೆಯೆತ್ತಿ ಪೊರೆಯಬೇಕೆಂಬ ಕಾನೂನನ್ನೂ ತಂದಿತು. 1834ರವರೆಗೆ ಇಂಗ್ಲೆಂಡಿನ ಬಡವರ ಪಾಲಿಗೆ ಅದೇ ಆಸರೆಯಾಗಿ ಉಳಿಯಿತು. ತಾವು ಪ್ರಕಟಿಸಿದ ಬರಹದಲ್ಲಿ ಈ ಸುಟ್ಟ ಕಿವಿಯೂ ಇಲ್ಲ, ಬಡವರ ತೆರಿಗೆಯೂ ಇಲ್ಲ. ಇಲ್ಲದ ನಾಯಿ ಬೆಕ್ಕುಗಳಿವೆ. ನನ್ನ ಆಕ್ಷೇಪವಿರುವುದು ಇಲ್ಲಿ: ಕಟ್ಟುಕಥೆಗಳು ಆ ಜನರನ್ನು ಪೆದ್ದರನ್ನಾಗಿ ತೋರಿಸುವುದಷ್ಟೇ ಅಲ್ಲ, ಅವರು ನಿಜವಾಗಿ ಪಟ್ಟ ಪಾಡನ್ನೂ ಕಣ್ಣಿಗೆ ಬೀಳದಂತೆ ಮಾಡುತ್ತವೆ.

ಆಗಿನ ಸರಾಸರಿ ಆಯುಸ್ಸು ನಲವತ್ತರ ಆಸುಪಾಸಿನಲ್ಲಿದ್ದುದರಿಂದ ಮೂವತ್ತೈದಕ್ಕೆ ಮುದುಕರಾಗುತ್ತಿದ್ದರೆಂದು ಆ ಬರಹ ಹೇಳುವುದೂ ಲೆಕ್ಕ ತಪ್ಪಿದ ಮಾತು. ಹುಟ್ಟಿದ ಮಕ್ಕಳಲ್ಲಿ ಸುಮಾರು ಕಾಲುಭಾಗ ಹತ್ತು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುದರಿಂದ ಸರಾಸರಿ ಕೆಳಗಿಳಿಯುತ್ತಿತ್ತು. ಆ ಗಂಡಾಂತರ ದಾಟಿದವರು ಅರವತ್ತರ ಹತ್ತಿರ ಬಾಳುವುದು ವಿಶೇಷವಾಗಿರಲಿಲ್ಲ. ರಾಣಿಯೇ 69ಕ್ಕೆ ತೀರಿಕೊಂಡಳು, ಅವಳ ಮಂತ್ರಿ ಲಾರ್ಡ್ ಬರ್ಲಿ 77ಕ್ಕೆ.

ಸಾವಿನ ವಿಷಯದಲ್ಲಿ ಗಂಟೆಯಂತೂ ಇತ್ತು, ಆದರೆ ಹೆಣದ ಕೈಯಲ್ಲಿ ಅಲ್ಲ. ಊರಿನಲ್ಲಿ ಯಾರಾದರೂ ಕೊನೆಯುಸಿರು ಎಳೆಯುತ್ತಿದ್ದರೆ ಚರ್ಚಿನ ಗಂಟೆ ಮೊಳಗಿಸುತ್ತಿದ್ದರು, ಕೇಳಿದವರು ಇದ್ದಲ್ಲೇ ನಿಂತು ಆ ಜೀವಕ್ಕಾಗಿ ಪ್ರಾರ್ಥಿಸಲಿ ಎಂದು. ಬಡವರ ಹೆಣವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಊರಿಗೆಲ್ಲ ಒಂದೇ ಆಗಿದ್ದ ಪೆಟ್ಟಿಗೆಯಲ್ಲಿ ಗುಂಡಿಯವರೆಗೆ ಹೊತ್ತು, ಮಣ್ಣು ಮಾಡಿದ ಮೇಲೆ ಪೆಟ್ಟಿಗೆಯನ್ನು ವಾಪಸು ತರುತ್ತಿದ್ದರು. ದಾರ ಕಟ್ಟಿ ಮೇಲೆಳೆಯಲು ಹೆಚ್ಚಿನವರಿಗೆ ಶವಪೆಟ್ಟಿಗೆಯೇ ಇರಲಿಲ್ಲ. ಸ್ಟ್ರ್ಯಾಟ್‌ಫರ್ಡ್‌ನ ಚರ್ಚ್ ಪುಸ್ತಕದಲ್ಲಿ 1564ರ ಏಪ್ರಿಲ್ 26ರಂದು ವಿಲಿಯಂ ಷೇಕ್ಸ್‌ಪಿಯರನ ನಾಮಕರಣ ದಾಖಲಾಗಿದೆ. ಅದೇ ವರ್ಷದ ಜುಲೈ 11ರಂದು ನೇಕಾರನೊಬ್ಬನ ಬಳಿ ಕಸುಬು ಕಲಿಯುತ್ತಿದ್ದ ಹುಡುಗನೊಬ್ಬನ ಸಾವಿನ ಸಾಲಿನ ಪಕ್ಕದಲ್ಲಿ ಲ್ಯಾಟಿನ್ನಿನ ಮೂರು ಪದಗಳಿವೆ: 'ಹಿಕ್ ಇನ್ಸೆಪಿಟ್ ಪೆಸ್ಟಿಸ್', ಇಲ್ಲಿ ಪ್ಲೇಗು ಆರಂಭವಾಯಿತು. ವರ್ಷ ಮುಗಿಯುವುದರೊಳಗೆ ಆ ಚಿಕ್ಕ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮೂರು ತಿಂಗಳ ಕೂಸು ಉಳಿಯಿತು. ವಿದ್ಯಾರ್ಥಿಗಳಿಗೆ ಆ ಕಾಲದ ಬದುಕನ್ನು ಪರಿಚಯಿಸಲು ಆ ಒಂದು ಪುಟ ಸಾಲದೇ?

ತಮ್ಮಲ್ಲಿ ಎರಡು ಕೋರಿಕೆಗಳಿವೆ. ಆ ಬರಹದ ಆನ್‌ಲೈನ್ ಪ್ರತಿ ಇನ್ನೂ ಹಾಗೆಯೇ ಇರುವುದರಿಂದ ಅದರ ಕೆಳಗೆ ಒಂದು ತಿದ್ದುಪಡಿಯನ್ನು ಸೇರಿಸಬೇಕು. ಕನಿಷ್ಠ ಮದುವೆಯ ವಯಸ್ಸು, ಮದುವೆಯ ತಿಂಗಳು, ಮೆಣಸು ಈ ಮೂರರ ಬಗ್ಗೆಯಾದರೂ ಸರಿಯಾದ ಮಾಹಿತಿ ಅಲ್ಲಿರಲಿ. ಪದವಿ ತರಗತಿಗಳಲ್ಲಿ ಷೇಕ್ಸ್‌ಪಿಯರ್ ಪಾಠ ಆರಂಭವಾಗುವ ಮೊದಲೇ ಇದು ಆದರೆ ಉಪಕಾರವಾಗುತ್ತದೆ, ಏಕೆಂದರೆ ಮಕ್ಕಳು ಮೊದಲು ಹುಡುಕುವುದು ಅಲ್ಲಿಯೇ. ಎರಡನೆಯದು, ಇದೇ ವಿಷಯದ ಮೇಲೆ ಮತ್ತೊಂದು ಬರಹ ಪ್ರಕಟಿಸುವ ಉದ್ದೇಶವಿದ್ದರೆ ಗೇರುಸೊಪ್ಪೆ ಮತ್ತು ಲಂಡನ್‌ಗಳನ್ನು ಜೋಡಿಸಿದ ಮೆಣಸಿನ ದಾರಿಯ ಬಗ್ಗೆ ಬರೆಸಿ. ನನ್ನ ಬಳಿಯಿರುವ ಟಿಪ್ಪಣಿಗಳನ್ನು ಬರೆಯುವವರಿಗೆ ಸಂತೋಷದಿಂದ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಸಾಗರ